ಹಿಮ ಬೀಳುವ ಊರಲ್ಲಿ ಅಡಿಕೆ ಬೆಳೆಯಲು ಹೋಗಿ

ಹೊರದೇಶದ ಬೇಸಾಯದ ಗೇಮ್ ಒಂದನ್ನು ಕನ್ನಡಕ್ಕೆ ತರುತ್ತೇವೆ ಅಂದಾಗ ಶಿವಮೊಗ್ಗದಲ್ಲೇ ನಕ್ಕವರಿದ್ದರು. ಈಗ ಅವರ ಮನೆ ಮಕ್ಕಳೇ ಆಡುತ್ತಿದ್ದಾರೆ. ಆದರೆ ಮೊದಲ ಸಲ ಮಾಡಿದ್ದು ಪೂರ್ತಿ ತೋಪಾಯಿತು.

ಗೇಮಿನೊಳಗಿನ ಊರನ್ನೇ ಮಲೆನಾಡು ಮಾಡಿಬಿಡೋಣ ಅನ್ನಿಸಿತ್ತು. ಗೋಧಿಗೆ ಭತ್ತ, ಸೇಬಿಗೆ ಅಡಿಕೆ, ಬ್ರೆಡ್ಡಿಗೆ ಅಕ್ಕಿರೊಟ್ಟಿ. ಸುಮಾರು ನಲವತ್ತು ಚಿತ್ರ ಹೊಸದಾಗಿ ಬರೆಸಿದೆವು, ಎಪ್ಪತ್ತು ಸಾವಿರದ ಹತ್ತಿರ ಕೈಬಿಟ್ಟಿತು. ತೀರ್ಥಹಳ್ಳಿ ಕಡೆಯ ಹುಡುಗರ ಕೈಗೆ ಕೊಟ್ಟರೆ ಬಿದ್ದು ಬಿದ್ದು ನಕ್ಕರು. ಸಸಿ ನೆಟ್ಟ ಇಪ್ಪತ್ತೆಂಟನೇ ದಿನಕ್ಕೆ ಅಡಿಕೆ ಕೊನೆ ಬಿಡುತ್ತಿತ್ತು! ಐದಾರು ವರ್ಷ ಕಾಯುವ ಮನೆಯ ಮಕ್ಕಳಿಗೆ ಇದನ್ನು ನಂಬಿಸುವುದು ಹೇಗೆ? ಸೇಬಾಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ಮೇಲಿಂದ, ಅದೇ ತೋಟದ ಮೇಲೆ ಚಳಿಗಾಲದಲ್ಲಿ ಹಿಮ. ನಿಯಮ, ಚಿತ್ರ, ಮಾತು ಮೂರೂ ಒಟ್ಟಿಗೆ ಬದಲಾಗದಿದ್ದರೆ ಹೀಗೇ ಆಗುವುದು. ಜಪಾನಿನ ವಕೀಲರ ಗೇಮ್ ಏಸ್ ಅಟಾರ್ನಿ ಇಂಗ್ಲಿಷಿಗೆ ಹೋದಾಗ ಜಪಾನನ್ನು ಲಾಸ್ ಏಂಜಲೀಸ್ ಮಾಡಿದ್ದರು; ಆಮೇಲಿನ ಭಾಗಗಳಲ್ಲಿ ಜಪಾನಿ ಹಳ್ಳಿಗಳು ಬಂದಾಗ ಅದೇ ಫಜೀತಿ.

ಎಲ್ಲ ತೆಗೆದು ಹಾಕಿದೆವು. ಎರಡನೇ ಸಲ ಊರು, ಬೆಳೆ, ಊಟ, ಹೆಸರು ಯಾವುದನ್ನೂ ಮುಟ್ಟಲಿಲ್ಲ. ಬದಲಾದದ್ದು ಮಾತು ಮಾತ್ರ. ಬ್ರೆಡ್ ಬ್ರೆಡ್ಡೇ. ಆದರೆ ಕಮ್ಮಾರ ಮಾತ್ರ, "ಎಂತ ಮಾರಾಯ, ಮತ್ತೆ ಗುದ್ದಲಿ ಮುರ್ಕೊಂಡು ಬಂದ್ಯಾ?" ಅನ್ನುತ್ತಾನೆ. ಇಲ್ಲಿ ಕನ್ನಡ ಕೈ ಹಿಡಿಯುತ್ತದೆ: 'ಬಂದ್ಯಾ' ಹುಡುಗನಿಗೂ ಸೈ, ಹುಡುಗಿಗೂ ಸೈ. 'ಮಾರಾಯ', 'ಮಾರಾಯ್ತಿ' ಒಂದಕ್ಕೆ ಮಾತ್ರ ಸ್ವಿಚ್ ಸಾಕು.

ವಿಭಕ್ತಿ ಮಾತ್ರ ಜೀವ ತಿಂದಿತು. ಇಂಗ್ಲಿಷಿನಲ್ಲಿ ಹೆಸರಿನ ಜಾಗಕ್ಕೆ ಒಂದು ವೇರಿಯಬಲ್, ಅಂದರೆ ಹೆಸರು ಬಂದು ಕೂರುವ ಖಾಲಿ ಗುರುತು, ಇಟ್ಟರೆ ಮುಗಿಯಿತು. ನಮ್ಮಲ್ಲಿ ಮಾರ್ತಾಳಿಗೆ, ಥಾಮಸ್‌ಗೆ, ಪೀಟರನಿಂದ. ಊರಿನ ಪ್ರತಿ ಪಾತ್ರಕ್ಕೂ ಶೀಟಿನಲ್ಲಿ ಐದು ಕಾಲಂ ಮಾಡಿ ಎಲ್ಲ ರೂಪ ಕೈಯಾರೆ ತುಂಬಿದೆವು. ವಸ್ತುಗಳಿಗೆ ಆ ಕಷ್ಟ ಬೇಡ, ಆಡುಮಾತಿನ ಹಾಗೆ 'ಅನ್ನು' ಬಿಟ್ಟರಾಯಿತು: "ಕೊಡಲಿ ಕೊಟ್ಟೆ". ಆಟಗಾರ ತಾನೇ ಟೈಪ್ ಮಾಡಿದ ಹೆಸರಿಗೆ ಪ್ರತ್ಯಯ ಅಂಟಿಸಲೇಬೇಡಿ. ವಾಕ್ಯವನ್ನು 'ನಿನಗೆ', 'ನಿನ್ನ' ಕಡೆ ತಿರುಗಿಸಿ.

ಗೇಮ್ ಕಟ್ಟುವ ತಂತ್ರಾಂಶ ಯೂನಿಟಿಯಲ್ಲಿ ಅಕ್ಷರ ತೋರಿಸುವ ಟೆಕ್ಸ್ಟ್‌ಮೆಶ್ ಪ್ರೋ ಒತ್ತಕ್ಷರ ಕೂಡಿಸುವುದಿಲ್ಲ. ಅದಕ್ಕೆ ಅಕ್ಷರ ಜೋಡಿಸಿಕೊಡುವ ಹಾರ್ಫ್‌ಬಜ್ ಲೈಬ್ರರಿ ಹೊಲಿದುಕೊಂಡೆವು. ಹೇಗೆ ಅನ್ನುವುದು ನಮ್ಮ ಹೊಟ್ಟೆಪಾಡು, ಇಲ್ಲಿ ಬೇಡ. ಕೂಡಿದ ಮೇಲೂ 'ರಾಷ್ಟ್ರ'ದ ಬುಡ ಡಬ್ಬಿಯಾಚೆ ಕತ್ತರಿಸಿ ಹೋಗುತ್ತಿತ್ತು. ಸಾಲಿನ ಎತ್ತರ ಒಂದೂವರೆ ಪಟ್ಟು ಮಾಡಿದ ಮೇಲೆ ಸರಿಯಾಯಿತು. ಒಂದೊಂದೇ ಅಕ್ಷರ ಮೂಡುವ ಕಡೆ 'ಅಕ್ಕಿ'ಯು ಅ, ಅಕ, ಅಕ್, ಅಕ್ಕ ಅಂತ ತೊದಲುತ್ತಿತ್ತು. ಅರ್ಧಾಕ್ಷರದ ಚಿಹ್ನೆ ಬಂದಲ್ಲಿ ನಿಲ್ಲದೆ, ಮುಂದಿನ ವ್ಯಂಜನ, ಸ್ವರಚಿಹ್ನೆ ಎರಡನ್ನೂ ಸೇರಿಸಿಯೇ ಬಿಡಬೇಕು.

ನಡುವೆ ಎರಡು ಹುಚ್ಚು ಪ್ರಯೋಗ. ಬೆಲೆಗಳನ್ನು ಕನ್ನಡ ಅಂಕಿಯಲ್ಲಿ ಹಾಕಿದೆವು. ಹದಿನಾರು ಪಿಕ್ಸೆಲ್‌ನಲ್ಲಿ ೧ ಯಾವುದು ೦ ಯಾವುದು ತಿಳಿಯದೆ ಅಂಗಡಿ ವ್ಯಾಪಾರ ನಿಂತಿತು. ಇಡೀ ಊರಿಗೆ ಹವ್ಯಕ ಮಾತು ಕೊಟ್ಟರೆ ಭದ್ರಾವತಿಯವರು ಕೈಚೆಲ್ಲಿದರು. ಈಗ ಒಬ್ಬ ಅಜ್ಜಿ ಮಾತ್ರ ಹಾಗೆ ಮಾತಾಡುತ್ತಾಳೆ, ಎಲ್ಲರಿಗೂ ಅವಳೇ ಇಷ್ಟ.

ಅನುವಾದ, ಪರೀಕ್ಷೆ ಎಲ್ಲ ಸೇರಿ ಎರಡನೇ ಸಲಕ್ಕೆ ಒಂದೂಕಾಲು ಲಕ್ಷದ ಆಸುಪಾಸು. ಅದರಲ್ಲಿ ನಾಲ್ಕೈದು ಸಾವಿರ ದಂಡ ತೆತ್ತದ್ದು ಕಣ್ಣಿಗೆ ಕಾಣದ ಒಂದು ಅಕ್ಷರಕ್ಕೆ. 'ಥಾಮಸ್‌ಗೆ' ಬಿಡಿಯಾಗಿ ನಿಲ್ಲಲು ನಡುವೆ ಜೋಡಣೆ ತಡೆಯುವ ಅಕ್ಷರ ಬೇಕು, ಯೂನಿಕೋಡ್ ಸಂಖ್ಯೆ U+200C. ಶೀಟನ್ನು 'ಕ್ಲೀನ್' ಮಾಡುವ ಸ್ಕ್ರಿಪ್ಟ್ ಅದನ್ನು ಕಸ ಅಂತ ಗುಡಿಸಿ ಹಾಕಿ, ಇಡೀ ಊರಿನಲ್ಲಿ 'ಥಾಮಸ್ಗೆ' ಆಯಿತು. ಬಿಲ್ಡ್ ಮಾಡುವ, ಅಂದರೆ ಗೇಮನ್ನು ಆಡುವ ರೂಪಕ್ಕೆ ಕಟ್ಟುವ ಮೊದಲು ಆ ಅಕ್ಷರ ಎಷ್ಟಿದೆ ಅಂತ ಒಮ್ಮೆ ಎಣಿಸಿ; ನಿನ್ನೆಗಿಂತ ಕಡಿಮೆ ಇದ್ದರೆ ಬಿಲ್ಡ್ ನಿಲ್ಲಿಸಿ.