ಕಾರ್ಪೆಟ್ ಕಲೆಗೆ ಹಬೆ: ಯಂತ್ರ ಎತ್ತುವ ಮೊದಲು ಕಲೆ ಯಾವುದೆಂದು ನೋಡಿ

ಕಳೆದ ಮಳೆಗಾಲದಲ್ಲಿ ತೋಟ ಸುತ್ತಿ ಬಂದ ತಂಗಿಯ ಮಗ ಕಾಲೂ ತೊಳೆಯದೆ ಹಾಲ್‌ನ ಕಾರ್ಪೆಟ್ ಮೇಲೆ ಕೂತ. ಎದ್ದಾಗ ನೋಡಿದರೆ ಹಿಮ್ಮಡಿ ಊರಿದಲ್ಲೆಲ್ಲ ರಕ್ತ. ಇಂಬಳ, ಅಂದರೆ ರಕ್ತ ಹೀರುವ ಜಿಗಣೆ, ಹೊಟ್ಟೆ ತುಂಬಿಸಿಕೊಂಡು ಉದುರಿಹೋಗಿತ್ತು. ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲವಲ್ಲ, ಗಾಯ ಸುರಿಯುತ್ತಲೇ ಇತ್ತು. ಹೊಸದಾಗಿ ತಂದ ಕೈ ಸ್ಟೀಮರ್ ಮನೆಯಲ್ಲಿತ್ತು. ಹುರುಪಿನಲ್ಲಿ ಹಬೆ ಬಿಟ್ಟೆ. ಕೆಂಪು ಕಲೆ ಕಂದು ಬಣ್ಣಕ್ಕೆ ತಿರುಗಿ ಅಲ್ಲೇ ಕೂತಿತು. ಈಗ ಅದರ ಮೇಲೆ ಟೀಪಾಯಿ ಇದೆ.

ತಪ್ಪು ಯಂತ್ರದ್ದಲ್ಲ, ನನ್ನದು. ರಕ್ತ, ಹಾಲು, ಮೊಟ್ಟೆಯಲ್ಲಿ ಪ್ರೋಟೀನ್ ಇದೆ. ಬಿಸಿ ತಾಗಿದರೆ ಅದು ಬೆಂದ ಮೊಟ್ಟೆಯಂತೆ ಗಟ್ಟಿಯಾಗಿ ನೂಲಿಗೆ ಕಚ್ಚಿಕೊಳ್ಳುತ್ತದೆ. ಇವಕ್ಕೆ ತಣ್ಣೀರೇ ಮದ್ದು. ಒದ್ದೆ ಬಟ್ಟೆಯಲ್ಲಿ ಒತ್ತಿ ಒತ್ತಿ ತೆಗೆಯಿರಿ, ಉಜ್ಜಬೇಡಿ. ಹಾಲು ಹಾಕಿದ ಕಾಫಿ ಚೆಲ್ಲಿದರೂ ಇದೇ ಕ್ರಮ.

ಅರಿಶಿನದ ಕಲೆಗೂ ಹಬೆ ಬೇಡ, ಸೋಪಂತೂ ಬೇಡವೇ ಬೇಡ. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗುವುದನ್ನು ಆರತಿಯ ತಟ್ಟೆಯಲ್ಲಿ ಕಂಡಿದ್ದೇವೆ. ಸೋಪಿನ ಕ್ಷಾರವೂ ಅದನ್ನೇ ಮಾಡುತ್ತದೆ. ಹತ್ತಿಗೆ ಸ್ವಲ್ಪ ಸ್ಪಿರಿಟ್ ಹಾಕಿ ಒತ್ತಿ, ಉಳಿದದ್ದನ್ನು ಬಿಸಿಲಿಗೆ ಬಿಡಿ. ಬಿಸಿಲಿನಲ್ಲಿ ಅರಿಶಿನದ ಬಣ್ಣ ತಾನಾಗಿ ಮಾಸುತ್ತದೆ.

ಅಡಿಕೆ ಸುಗ್ಗಿಯ ಮನೆಗಳಲ್ಲಿ ಇನ್ನೊಂದು ಪೀಡೆ ಚೊಗರು, ಅಂದರೆ ಅಡಿಕೆ ಬೇಯಿಸಿದ ಕೆಂಗಂದು ನೀರು. ಬಟ್ಟೆಗೆ ಬಿದ್ದ ಚೊಗರು ಎಷ್ಟು ಹಟಮಾರಿಯೆಂದು ಅಡಿಕೆ ಬೇಯಿಸಿದವರಿಗೆ ಹೇಳಬೇಕಿಲ್ಲ. ಬಿದ್ದ ಕೂಡಲೇ ನೀರು ಬೆರೆಸಿದ ಬಿಳಿ ವಿನೆಗರ್‌ನಲ್ಲಿ ಬಟ್ಟೆ ಅದ್ದಿ ಒತ್ತಿದರೆ ಒಂದಿಷ್ಟು ಬಿಡಬಹುದು. ಒಣಗಿದ ಮೇಲೆ ಪೂರ್ತಿ ಹೋಗುತ್ತದೆಂದು ನಾನು ಮಾತು ಕೊಡುವುದಿಲ್ಲ.

ಹಾಗಾದರೆ ಹಬೆ ಯಾವುದಕ್ಕೆ? ಜಿಡ್ಡು, ತುಪ್ಪ, ಬೆಲ್ಲದ ಪಾಕ, ಮೇಣ, ಮಕ್ಕಳು ಅಂಟಿಸಿದ ಚೂಯಿಂಗ್ ಗಮ್. ಜೊತೆಗೆ ನಮ್ಮ ಕೆಂಪು ಮಣ್ಣು. ಆದರೆ ಮಣ್ಣು ಹಸಿಯಿರುವಾಗ ಮುಟ್ಟಬೇಡಿ. ಒಣಗಲಿ, ಬ್ರಷ್‌ನಿಂದ ಕೊಡವಿ, ಗುಡಿಸಿ. ಉಳಿದ ಕೆಂಪು ಛಾಯೆಗೆ ಮಾತ್ರ ಹಬೆ.

ಕೊಳ್ಳುವಾಗ

ಇಸ್ತ್ರಿಗೆಂದು ಮಾರುವ ಬಟ್ಟೆ ಸ್ಟೀಮರ್ ಬೇರೆ, ನೆಲ–ಕಾರ್ಪೆಟ್ ಸ್ವಚ್ಛ ಮಾಡುವ ಸ್ಟೀಮ್ ಕ್ಲೀನರ್ ಬೇರೆ. ಮೊದಲನೆಯದರ ಹಬೆಗೆ ಒತ್ತಡ ಕಡಿಮೆ. ಎರಡನೆಯದರಲ್ಲಿ ಸುಮಾರು 3 ಬಾರ್ ಒತ್ತಡ, ಸೇಫ್ಟಿ ಮುಚ್ಚಳ, ಮೂತಿಗೆ ಸಿಕ್ಕಿಸುವ ಬ್ರಷ್ ಇರುತ್ತವೆ. ಪೆಟ್ಟಿಗೆಯ ಮೇಲೆ ಒತ್ತಡದ ಅಂಕಿ ಇದೆಯೇ ನೋಡಿ. 250ರಿಂದ 350 ಮಿ.ಲೀ. ಟ್ಯಾಂಕ್ ಒಂದೆರಡು ಕಲೆಗೆ ಸಾಕು. ಇಡೀ ಕಾರ್ಪೆಟ್ ತೊಳೆಯುವ ಆಸೆ ಬೇಡ.

ವಿದ್ಯುತ್ತಿನ ಲೆಕ್ಕವನ್ನು ಅಂಗಡಿಯವರು ಹೇಳುವುದಿಲ್ಲ. 6 ಆಂಪಿಯರ್ ಪ್ಲಗ್ 230 ವೋಲ್ಟ್‌ನಲ್ಲಿ ತಡೆಯುವುದು 1,380 ವಾಟ್. ಅದಕ್ಕಿಂತ ಹೆಚ್ಚಿನ ಯಂತ್ರಕ್ಕೆ ಗೀಸರ್‌ಗೆ ಇರುವಂಥ 16 ಆಂಪಿಯರ್ ಪ್ಲಗ್ ಬೇಕು. ಮಳೆಗಾಲದಲ್ಲಿ ವೋಲ್ಟೇಜ್ 180ಕ್ಕೆ ಇಳಿದರೆ 1,000 ವಾಟ್ ಯಂತ್ರ ಸುಮಾರು 610 ವಾಟ್‌ನಷ್ಟೇ ಕಾಯುತ್ತದೆ. ಆಗ ಹಬೆ ಏಳುವುದು ತಡ, ಬಲವೂ ಕಡಿಮೆ. ಕರೆಂಟ್ ಸರಿಯಿಲ್ಲದ ದಿನ ಈ ಕೆಲಸ ಮುಂದೂಡಿ.

ಬಳಸುವಾಗ

ಉಣ್ಣೆಯ ಕಾರ್ಪೆಟ್ ಬಿಸಿ, ಒದ್ದೆ, ಉಜ್ಜಾಟ ಮೂರೂ ಸೇರಿದರೆ ಗಂಟುಗಂಟಾಗುತ್ತದೆ. ಸೆಣಬಿಗೆ ಹಬೆ ಹಿಡಿದರೆ ಕಂದು ಕಲೆ ಏಳುತ್ತದೆ. ನೈಲಾನ್, ಪಾಲಿಯೆಸ್ಟರ್ ತಾಳಿಕೊಳ್ಳುತ್ತವೆ. ಯಾವುದೇ ಆಗಲಿ, ಸೋಫಾ ಅಡಿಗೆ ಹೋಗುವ ಮೂಲೆಯಲ್ಲಿ ಮೊದಲು ಪರೀಕ್ಷಿಸಿ: ಬಿಳಿ ಬಟ್ಟೆಗೆ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಿ. ಹತ್ತಿಯ ಜಮಖಾನಕ್ಕಂತೂ ಇಷ್ಟೆಲ್ಲ ರಗಳೆ ಬೇಡ, ಬಣ್ಣ ಬಿಡದಿದ್ದರೆ ಒಗೆದು ಹರವಿ.

ಟ್ಯಾಂಕ್‌ಗೆ ಫಿಲ್ಟರ್ ನೀರು ಹಾಕಿ. ಸೋಪು, ಫಿನಾಯಿಲ್ ಹಾಕಬಾರದು. ಕಾದ ಮೇಲೆ ಮೊದಲ ಹಬೆಯನ್ನು ಹಳೇ ಬಟ್ಟೆಯ ಮೇಲೆ ಬಿಡಿ, ಅದರಲ್ಲಿ ನೀರೇ ಹೆಚ್ಚು. ಆಮೇಲೆ ಮೂತಿಯನ್ನು ಎರಡು ಬೆರಳಗಲ ಎತ್ತರದಲ್ಲಿ ಹಿಡಿದು, ಕಲೆಯ ಅಂಚಿನಿಂದ ನಡುವಿನ ಕಡೆಗೆ ಐದಾರು ಸೆಕೆಂಡು ಆಡಿಸಿ. ತಕ್ಷಣ ಒಣ ಬಿಳಿ ಬಟ್ಟೆ ಒತ್ತಿ ಹಿಡಿಯಿರಿ. ಹಬೆ ಕಲೆಯನ್ನು ಸಡಿಲಿಸುತ್ತದೆ ಅಷ್ಟೇ, ಹೀರುವುದು ಬಟ್ಟೆ. ಬಟ್ಟೆಯ ಮಗ್ಗುಲು ಬದಲಿಸುತ್ತ ಮೂರ್ನಾಲ್ಕು ಸಲ ಮಾಡಿ. ನಡುವೆ ನೀರು ಮುಗಿದರೆ ಪ್ಲಗ್ ಕಿತ್ತು, ಒಳಗಿನ ಹಬೆಯನ್ನೆಲ್ಲ ಹೊರಬಿಟ್ಟು, ಯಂತ್ರ ತಣಿದ ಮೇಲೆ ಮುಚ್ಚಳ ತೆಗೆಯಿರಿ. ಅವಸರ ಮಾಡಿದರೆ ಮುಖಕ್ಕೇ ಹಬೆ ಹೊಡೆಯುತ್ತದೆ.

ಇನ್ನು ಒಣಗಿಸುವುದು. ಬಯಲುಸೀಮೆಯವರಿಗೆ ಇದು ಲೆಕ್ಕಕ್ಕೇ ಇಲ್ಲ. ತೀರ್ಥಹಳ್ಳಿ, ಹೊಸನಗರದ ಆಷಾಢದಲ್ಲಿ ಅರ್ಧ ಕೆಲಸವೇ ಇದು. ಹಬೆ ಹಿಡಿದ ಜಾಗವನ್ನು ಹಾಗೇ ಬಿಟ್ಟರೆ ಕೆಲವೇ ದಿನಕ್ಕೆ ಅಡಿಯಲ್ಲಿ ಬೂಸ್ಟು. ಆ ಭಾಗವನ್ನು ಎತ್ತಿ ಕುರ್ಚಿಯ ಮೇಲೆ ಮಡಿಸಿ ಹಾಕಿ, ಎರಡೂ ಕಡೆಗೆ ಫ್ಯಾನ್ ಗಾಳಿ ತಾಗಲಿ. ಬಚ್ಚಲೊಲೆ ಉರಿಯುವ ಮನೆಯಾದರೆ ಗೋಡೆಯ ಆಚೆಯ ಬೆಚ್ಚನೆ ಕೋಣೆ ಇನ್ನೂ ಒಳ್ಳೆಯದು, ಹೊಗೆ ಮಾತ್ರ ತಾಗಬಾರದು. ಮರುದಿನ ಕಾರ್ಪೆಟ್ ಮಗುಚಿ ಅಡಿಭಾಗಕ್ಕೆ ಅಂಗೈ ಒತ್ತಿ ನೋಡಿ. ತಣ್ಣಗೆನಿಸಿದರೆ ಒಳಗೆ ಪಸೆ ಇದೆ, ಇನ್ನೊಂದು ರಾತ್ರಿ ಫ್ಯಾನ್ ಓಡಲಿ.