ಆಂಟಿವೈರಸ್ ಮುಂಜಾನೆ ಏಳುತ್ತಿಲ್ಲವೇ? ಮೊದಲು ತಾರೀಖು ನೋಡಿ

"ದಿನಾ ಮುಂಜಾನಿ ಇದೇ ಗೋಳು ನೋಡ್ರಿ. ಕಂಪ್ಯೂಟರ್ ಚಾಲೂ ಮಾಡಿದ್ರ ಆಂಟಿವೈರಸ್ ಮ್ಯಾಲ ಕೆಂಪು ಗುರುತು." ಬಾಗಲಕೋಟೆ ನವನಗರದ ಝೆರಾಕ್ಸ್ ಅಂಗಡಿಯ ಪರಿಚಯದವರೊಬ್ಬರು ಫೋನ್ ಮಾಡಿದ್ದರು. ಆಗಲೇ ಎರಡು ಸಲ ಅದನ್ನು ತೆಗೆಸಿ ಮತ್ತೆ ಹಾಕಿಸಿದ್ದರು, ಎರಡು ಸಲವೂ ದುಡ್ಡು ಕೊಟ್ಟು. ಹಾಲ್ ಟಿಕೆಟ್, ಪಹಣಿ, ಬಯೋಡೇಟಾ ಅಂತ ಊರವರ ಪೆನ್‌ಡ್ರೈವ್‌ಗಳೆಲ್ಲ ಚುಚ್ಚಿಸಿಕೊಳ್ಳುವ ಕಂಪ್ಯೂಟರ್ ಅದು. ರಕ್ಷಣೆ ಇಲ್ಲದೆ ಬಿಡುವಂತಿಲ್ಲ.

ನಿಮ್ಮಲ್ಲೂ ಹೀಗಾದರೆ ಮೊದಲು ಎರಡು ನಿಮಿಷ ಸುಮ್ನೆ ಕಾಯಿರಿ. ಆಂಟಿವೈರಸ್ ಓಡುತ್ತಿದೆಯಾ ಅಂತ ನೋಡಿಕೊಳ್ಳುವ ವಿಂಡೋಸ್‌ನ ಸೆಕ್ಯೂರಿಟಿ ಸೆಂಟರ್ ಸರ್ವಿಸ್ ಬೇಕಂತಲೇ ಸ್ವಲ್ಪ ತಡವಾಗಿ ಶುರುವಾಗುತ್ತದೆ. ಹಳೆಯ ಹಾರ್ಡ್ ಡಿಸ್ಕ್ ಇದ್ದರೆ ಇನ್ನೂ ತಡ. ಗುರುತು ತಾನೇ ಹಸಿರಾದರೆ ತೊಂದರೆಯೇ ಇಲ್ಲ.

ಆಗಲಿಲ್ಲವೇ? ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಮಾಡಿ ಮತ್ತೆ ಹಚ್ಚುವುದಲ್ಲ, ರೀಸ್ಟಾರ್ಟ್. ಕಂಪ್ಯೂಟರ್ ಬೇಗ ಏಳಲಿ ಅಂತ ಇರುವ 'ಫಾಸ್ಟ್ ಸ್ಟಾರ್ಟಪ್' ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ವಿಂಡೋಸ್ ಪೂರ್ತಿ ಆರುವುದಿಲ್ಲ, ಅರ್ಧ ನಿದ್ದೆ ಅಷ್ಟೇ, ನಿನ್ನೆ ಸಿಕ್ಕಿಕೊಂಡ ಡ್ರೈವರ್ (ವಿಂಡೋಸ್ ಒಳಗೆ ಓಡುವ ಸಹಾಯಕ ಪ್ರೋಗ್ರಾಂ) ಇವತ್ತೂ ಹಾಗೇ ಎದ್ದು ಬರುತ್ತದೆ. ರೀಸ್ಟಾರ್ಟ್‌ನಿಂದ ಸರಿಹೋದರೆ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ತೆಗೆದುಬಿಡಿ.

ಇನ್ನು ತಾರೀಖು. ಇದನ್ನು ಯಾರೂ ನೋಡುವುದೇ ಇಲ್ಲ. ಆ ಅಂಗಡಿಯ ಕಂಪ್ಯೂಟರಿನ ಮೂಲೆಯಲ್ಲಿ 2009ರ ಜನವರಿ 1 ಅಂತಿತ್ತು! ಕಂಪ್ಯೂಟರಿನ ಒಳಗಿನ ಮುಖ್ಯ ಬೋರ್ಡು, ಅಂದರೆ ಮದರ್‌ಬೋರ್ಡ್ ಮೇಲೆ ಸಿಆರ್2032 ಅನ್ನುವ 3 ವೋಲ್ಟಿನ ಬಟನ್ ಸೆಲ್ ಇರುತ್ತದೆ, ಕರೆಂಟ್ ಇಲ್ಲದಾಗ ಗಡಿಯಾರ ಓಡಿಸುವುದು ಅದೇ. ಅದು ಸತ್ತಿತ್ತು. ಇವರೋ ರಾತ್ರಿ ಅಂಗಡಿ ಮುಚ್ಚುವಾಗ ಗೋಡೆಯ ಸ್ವಿಚ್ಚನ್ನೇ ಆರಿಸಿ ಹೋಗುತ್ತಾರೆ, ಹಾಗಾಗಿ ಮುಂಜಾನೆ ಹೊತ್ತಿಗೆ ತಾರೀಖು ಹಿಂದಕ್ಕೆ ಹೋಗಿರುತ್ತದೆ, ಆಂಟಿವೈರಸ್ ತನ್ನ ಲೈಸೆನ್ಸ್ ಪರೀಕ್ಷಿಸಲು ಹೋಗಿ ಗೊಂದಲಕ್ಕೆ ಬೀಳುತ್ತದೆ. ವೆಬ್‌ಸೈಟುಗಳೂ 'ಸುರಕ್ಷಿತವಲ್ಲ' ಅಂತ ಕಿರಿಕಿರಿ ಮಾಡುತ್ತಿದ್ದವಂತೆ. ತಾರೀಖು ತಪ್ಪಿದ್ದರೆ ಹೀಗೂ ಆಗುತ್ತದೆ, ಅಲ್ಲೇ ಸುಳಿವಿತ್ತು. ಹೊಸ ಸೆಲ್‌ಗೆ ಖಾನಾವಳಿ ಊಟದಷ್ಟೂ ಖರ್ಚಾಗಲಿಲ್ಲ. ಹಾಕಿದ ಮೇಲೆ ಸೆಟ್ಟಿಂಗ್ಸ್‌ನಲ್ಲಿ ಸಮಯ ಸಿಂಕ್ ಮಾಡಿದೆವು, ಮುಗೀತು.

ತಾರೀಖು ಸರಿ ಇದೆಯಾ? ಹಾಗಾದರೆ ಒಂದೇ ಆಂಟಿವೈರಸ್ ಇದೆಯಾ ಎಣಿಸಿ. ಎರಡಿದ್ದರೆ ಒಂದನ್ನೊಂದು ತಡೆಯುತ್ತವೆ. ವಿಂಡೋಸ್ ಜೊತೆ ಬಂದ ಡಿಫೆಂಡರ್ ಮಾತ್ರ ಬೇರೆಯದು ಬಂದಾಗ ತಾನೇ ಹಿಂದೆ ಸರಿಯುತ್ತದೆ, ಅದರ ಚಿಂತೆ ಬೇಡ.

ಬರೀ ಐಕಾನ್ ಕಾಣುತ್ತಿಲ್ಲ ಅಂದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಸ್ಟಾರ್ಟಪ್ ಪಟ್ಟಿಯಲ್ಲಿ ಆಂಟಿವೈರಸ್ 'ಡಿಸೇಬಲ್ಡ್' ಇದ್ದರೆ ಎನೇಬಲ್ ಮಾಡಿ. ಕಂಪ್ಯೂಟರ್ ಜೋರಾಗಿ ಓಡಲಿ ಅಂತ ಯಾರೋ ಆಫ್ ಮಾಡಿರುತ್ತಾರೆ, ಹೆಚ್ಚಾಗಿ ಮನೆಯ ಹುಡುಗರೇ. ಐಕಾನ್ ಇಲ್ಲದಿದ್ದರೂ ಒಳಗೆ ರಕ್ಷಣೆ ನಡೆಯುತ್ತಿರಬಹುದು. ವಿಂಡೋಸ್‌ನಲ್ಲೇ ಇರುವ 'ವಿಂಡೋಸ್ ಸೆಕ್ಯೂರಿಟಿ' ಆ್ಯಪ್ ತೆರೆದರೆ ನಿಜ ಗೊತ್ತಾಗುತ್ತದೆ.

ಇಷ್ಟಾದರೂ ಏಳದಿದ್ದರೆ ಮಾತ್ರ ತೆಗೆದು ಮತ್ತೆ ಹಾಕುವ ಕೆಲಸ. ಲೈಸೆನ್ಸ್ ಕೀ ಮೊದಲೇ ಬರೆದಿಟ್ಟುಕೊಳ್ಳಿ. ತೆಗೆಯಲು ಆ ಕಂಪನಿಯದೇ ರಿಮೂವಲ್ ಟೂಲ್ ಸಿಕ್ಕರೆ ಅದನ್ನೇ ಬಳಸಿ, ಇಲ್ಲದಿದ್ದರೆ ಹಳೆಯ ಚೂರುಪಾರು ಉಳಿದು ಮತ್ತೆ ಅದೇ ಕಥೆ. ತೆಗೆದು ರೀಸ್ಟಾರ್ಟ್ ಮಾಡಿದ ಮೇಲೆ ಹೊಸದು ಹಾಕಲು ಅವಸರ ಬೇಡ. ಆಂಟಿವೈರಸ್ಸನ್ನು ವೈರಸ್ಸೇ ಮಲಗಿಸಿರಬಹುದು ಅಲ್ವಾ? ವಿಂಡೋಸ್ ಸೆಕ್ಯೂರಿಟಿಯ ಸ್ಕ್ಯಾನ್ ಆಪ್ಷನ್ಸ್‌ಗೆ ಹೋಗಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಹಚ್ಚಿ. ವಿಂಡೋಸ್ ಪೂರ್ತಿ ಏಳುವ ಮೊದಲೇ ಅದು ಹುಡುಕುತ್ತದೆ, ಸುಮಾರು 15 ನಿಮಿಷ. ಕಂಪ್ಯೂಟರ್ ತಾನೇ ರೀಸ್ಟಾರ್ಟ್ ಆಗುತ್ತದೆ, ತೆರೆದ ಫೈಲುಗಳನ್ನು ಮೊದಲು ಸೇವ್ ಮಾಡಿ. ಅರ್ಧ ಟೈಪ್ ಮಾಡಿದ ಮದುವೆ ಕಾರ್ಡು ಹೋಯಿತು ಅಂತ ಆಮೇಲೆ ನನಗೆ ಬೈಯಬೇಡಿ.