ಇಂಗ್ಲಿಷಿನ ನಾಲಿಗೆಗೆ ಫ್ರೆಂಚ್ ಕಲಿಸಿದ್ದು

ಕೆಲಸಕ್ಕೆಂದು ಫ್ರಾನ್ಸಿನ ಲಿಯೋನ್ ನಗರಕ್ಕೆ ಬಂದಾಗ ನನ್ನ ಬಳಿ ಫ್ರೆಂಚಿನ ಬಿ1, ಅಂದರೆ ಮಧ್ಯಮ ಹಂತದ ಪ್ರಮಾಣಪತ್ರವಿತ್ತು. ಆದರೂ ಬೇಕರಿಯಲ್ಲಿ ನಾನು ಫ್ರೆಂಚಿನಲ್ಲಿ ಕೇಳಿದ್ದಕ್ಕೆ ಉತ್ತರ ಇಂಗ್ಲಿಷಿನಲ್ಲಿ ಬರುತ್ತಿತ್ತು. ವ್ಯಾಕರಣದಲ್ಲಿ ತಪ್ಪಿರಲಿಲ್ಲ. ಒಂದನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮದಲ್ಲಿ ಓದಿ, ಯೋಚಿಸುವುದನ್ನೂ ಅದರಲ್ಲೇ ರೂಢಿಸಿಕೊಂಡಿದ್ದ ನಾನು, ಫ್ರೆಂಚ್ ಪದಗಳನ್ನು ಇಂಗ್ಲಿಷಿನ ಒತ್ತಿನಲ್ಲಿ ನುಡಿಯುತ್ತಿದ್ದೆ. ಇಂಗ್ಲಿಷಿನಲ್ಲಿ ಪದದ ಒಂದು ಅಕ್ಷರಕ್ಕೆ ಒತ್ತು ಬಿದ್ದು ಉಳಿದ ಸ್ವರಗಳು ಸವೆಯುತ್ತವೆ. ಫ್ರೆಂಚಿನಲ್ಲಿ ಅಕ್ಷರಗಳೆಲ್ಲ ಹೆಚ್ಚುಕಡಿಮೆ ಸಮನಾಗಿ ಸಾಗಿ, ಪದಗುಚ್ಛದ ಕೊನೆಯದು ಮಾತ್ರ ತುಸು ಎಳೆದಂತಾಗುತ್ತದೆ.

ಇದನ್ನು ತಿದ್ದಿಕೊಳ್ಳಲು ಫ್ರಾನ್ಸಿನ ಅಂತರರಾಷ್ಟ್ರೀಯ ರೇಡಿಯೋ ಆದ ಆರ್‌ಎಫ್‌ಐ ಕಲಿಯುವವರಿಗಾಗಿಯೇ ಪ್ರಸಾರ ಮಾಡುವ ಹತ್ತು ನಿಮಿಷದ ಸರಳ ಫ್ರೆಂಚ್ ವಾರ್ತೆಯನ್ನು ಹಿಡಿದುಕೊಂಡೆ. ಅದರ ಪಠ್ಯವೂ ಸಿಗುತ್ತದೆ. ಒಂದೇ ವಾಕ್ಯವನ್ನು ಮತ್ತೆ ಮತ್ತೆ ಕೇಳಿ, ವಾರ್ತೆ ಓದುವವರ ಜೊತೆಜೊತೆಗೇ ನುಡಿದು, ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು ಹೋಲಿಸುತ್ತಿದ್ದೆ. ಮೊದಲ ವಾರಗಳಲ್ಲಿ ನನ್ನ ಧ್ವನಿಯನ್ನು ನಾನೇ ಕೇಳಲಾಗದೆ ಮುಜುಗರಪಟ್ಟಿದ್ದು ನಿಜ.

ಈ ಅಭ್ಯಾಸದ ನಡುವೆ ನಾನು ನಿರೀಕ್ಷಿಸದ ಒಂದು ಸಂಗತಿ ಹೊಳೆಯಿತು: ಇಂಗ್ಲಿಷ್ ಮರೆಸಿದ್ದ ಎಷ್ಟೋ ಧ್ವನಿಗಳು ಕನ್ನಡದಲ್ಲೇ ಇದ್ದವು. ಮೇಜಿಗೆ ನಾವು ‘ಟೇಬಲ್’ ಎನ್ನುತ್ತೇವೆ, ಫ್ರೆಂಚಿನದು ‘ತಾಬ್ಲ್’. ಅಲ್ಲಿರುವುದು ನಮ್ಮ ತಕಾರ, ನಮ್ಮ ದಕಾರ. ಆದರೆ ಅನುಸ್ವಾರ ಮೋಸಮಾಡಿತು. ‘ಬೋಂಜೂರ್’ ಎಂದು ಬರೆದುಕೊಂಡರೆ ನಾಲಿಗೆ ಅಂಗುಳನ್ನು ಮುಟ್ಟಿ ನಕಾರ ಹೊರಡುತ್ತದೆ, ಅಲ್ಲಿ ಬೇಕಾದದ್ದು ಮೂಗಿನಲ್ಲಿ ಮೊಳಗುವ ಸ್ವರ ಮಾತ್ರ. ಇನ್ನು ‘ಈ’ ಎನ್ನುತ್ತಲೇ ತುಟಿಗಳನ್ನು ‘ಊ’ಗೆ ಮಾಡುವಂತೆ ದುಂಡಗಾಗಿಸಿ ನುಡಿಯಬೇಕಾದ ಸ್ವರ ಕನ್ನಡದಲ್ಲೂ ಇಲ್ಲ, ಇಂಗ್ಲಿಷಿನಲ್ಲೂ ಇಲ್ಲ. ‘ಮೇಲೆ’ ಮತ್ತು ‘ಕೆಳಗೆ’ ಎಂಬರ್ಥದ ಪದಗಳ ನಡುವಿನ ವ್ಯತ್ಯಾಸ ಈ ಒಂದು ಸ್ವರವಷ್ಟೇ. ಅದು ಬಾರದೆ, ಪಾರ್ಸೆಲ್ ತಂದವನನ್ನು ಮೇಲಿನ ಮನೆಯ ಬದಲು ಕೆಳಗಿನ ಮನೆಗೆ ಕಳುಹಿಸಿದ್ದೇನೆ.

ವಾಕ್ಯ ಕಟ್ಟುವಲ್ಲಿಯೂ ಹೀಗೆಯೇ ಆಯಿತು. ‘ಇಲ್ ಮ ಫೋ ದ್ಯು ತಾಂ’ ಎಂಬುದನ್ನು ಇಂಗ್ಲಿಷಿನ ಮೂಲಕ ಬಿಡಿಸಲು ಹೋದಾಗಲೆಲ್ಲ ಎಡವುತ್ತಿದ್ದೆ. ‘ನನಗೆ ಸಮಯ ಬೇಕು’ ಎಂದು ನೇರವಾಗಿ ಕನ್ನಡದಿಂದ ಬಂದರೆ ಕರ್ತೃವಿನ ಗೊಂದಲವೇ ಉಳಿಯುವುದಿಲ್ಲ. ‘ಸ ಮ ಪ್ಲೆ’ ಎಂದರೆ ‘ಅದು ನನಗೆ ಇಷ್ಟ’. ‘ತ್ಯು’ ಮತ್ತು ‘ವೂ’ಗಳ ಪಾಠವನ್ನಂತೂ ‘ನೀನು’, ‘ನೀವು’ ಬಲ್ಲವರಿಗೆ ವಿವರಿಸಬೇಕಿಲ್ಲ. ಇಂಗ್ಲಿಷ್ ನೆರವಾದದ್ದು ಪದಸಂಪತ್ತಿನಲ್ಲಿ, ಅದೂ ಎಚ್ಚರದಿಂದ: ‘ಆಕ್ಚುಯಲಿ’ಯ ಅವಳಿಯಂತೆ ಕಾಣುವ ‘ಅಕ್ತ್ಯುಯೆಲ್ಮಾಂ’ಗೆ ಅರ್ಥ ‘ಸದ್ಯಕ್ಕೆ’.

ನಾಮಪದಗಳ ಲಿಂಗಕ್ಕೆ ಒಳದಾರಿ ಕಾಣಲಿಲ್ಲ; ಪ್ರತಿ ಪದವನ್ನೂ ಪುಲ್ಲಿಂಗದ ‘ಲ’ ಅಥವಾ ಸ್ತ್ರೀಲಿಂಗದ ‘ಲಾ’ ಸಮೇತ ಬಾಯಿಪಾಠ ಮಾಡಿದೆ.

ಈಗ ಬೇಕರಿಯವರು ಫ್ರೆಂಚಿನಲ್ಲೇ ಉತ್ತರಿಸುತ್ತಾರೆ. ಫೋನ್ ನಂಬರು ಬರೆದುಕೊಳ್ಳುವಾಗ ಮಾತ್ರ ಇನ್ನೂ ತಡಬಡಾಯಿಸುತ್ತೇನೆ. ಇಲ್ಲಿ ನಂಬರನ್ನು ಎರಡೆರಡು ಅಂಕಿಗಳಾಗಿ ಹೇಳುತ್ತಾರೆ, ಎಪ್ಪತ್ತೈದು ಎನ್ನಲು ‘ಅರವತ್ತು-ಹದಿನೈದು’ ಎನ್ನುತ್ತಾರೆ. ಅರವತ್ತು ಕೇಳಿದೊಡನೆ 6 ಬರೆದು ಹೊಡೆದುಹಾಕುವುದು ಇನ್ನೂ ನಿಂತಿಲ್ಲ. ಎಪ್ಪತ್ತಕ್ಕೆ ನೇರವಾಗಿ ‘ಸೆಪ್ತಾಂತ್’ ಎನ್ನುವ ಸ್ವಿಸ್ ಸಹೋದ್ಯೋಗಿಯೊಬ್ಬರು ಕರೆ ಮಾಡಿದರೆ ಪೆನ್ನು ಸರಾಗವಾಗಿ ಓಡುತ್ತದೆ.